ಹೊಸ ಚಾದರ

"ತಗೋರಿ ಅಕ್ಕಾರ, ನಿಮ್ಮ ಚಾದರ ಕೆಡಿಸಿದ್ವಿ, ಅದಕ್ಕ ಹೊಸಾದು ತಂದೀನಿ" ಎಂದು ವಿರೂಪಾಕ್ಷ ಬಾಗಿಲಲ್ಲೇ ನಿಂತು ಪೊಟ್ಟಣ ನೀಡಿದಾಗ ವಾರಿಜಾಳ ಕೈ ಮುಂದೆ ಬರಲಿಲ್ಲ. ತಾಯಿಯನ್ನು ಚಿಕಿತ್ಸೆಗೆಂದು ಸೂರತ್ತಿನಿಂದ ಕರೆತಂದು, ಅಹಮದಾಬಾದಿನ ಚಾಂದ್‌ಖೇಡಾದ ವಾರಿಜಾಳ ಹೋಮ್‌ಸ್ಟೇಯಲ್ಲಿ ಉಳಿದಿದ್ದವನು ಕಳೆದ ವಾರ ಚಾದರದ ತುಂಬ ಔಷಧದ ಕಲೆ ಬಿಟ್ಟು, ಹೇಳದೆ ಕೇಳದೆ ಹೋಗಿದ್ದ. ಸಿಟ್ಟಿನ ಭರದಲ್ಲಿ ಅವಳು ಹೋಮ್‌ಸ್ಟೇ ಮಾಲೀಕರ ಸಂಘದ ವಾಟ್ಸಾಪ್ ಗ್ರೂಪಿಗೆ ಅವನ ಹೆಸರು, ನಂಬರು ಹಾಕಿ, 'ಇವರಿಗೆ ರೂಮ್ ಕೊಡಬೇಡಿ' ಎಂದು ಬರೆದಿದ್ದಳು. ಒಬ್ಬರು ಬೇಡವೆಂದ ಅತಿಥಿಗೆ ಅಹಮದಾಬಾದಿನ ಬೇರೆ ಸದಸ್ಯರೂ ಬಾಗಿಲು ತೆರೆಯುವಂತಿಲ್ಲ. ಅದು ಸಂಘದ ಕಟ್ಟುಪಾಡು.

"ಅವತ್ತು ಅವ್ವಗ ಒಮ್ಮೆಲೆ ಉಸಿರು ಸಿಗ್ಲಿಲ್ರಿ, ಎತ್ಕೊಂಡು ಆಸ್ಪತ್ರಿಗೆ ಓಡಿದೆ. ಆಮ್ಯಾಲ ನಿಮಗ ಮಾರಿ ತೋರಿಸಾಕ ನಾಚಿಕಿ ಆತು. ಬ್ಯಾರೆ ಕಡೆ ಕೇಳಿದ್ರ, ಯಾಕೋ ಏನೋ, ಯಾರೂ ರೂಮ್ ಕೊಡವಲ್ರು. ಅವ್ವ ಆಸ್ಪತ್ರಿ ವರಾಂಡದಾಗ ಮಲಗ್ಯಾಳ."

"ಇಲ್ಲಿಗೇ ಕರ್ಕೊಂಡು ಬನ್ನಿ ಮಾರಾಯ್ರೆ" ಎಂದಳು ವಾರಿಜಾ.

"ಅಕಿಗೆ ಈಗ ನಿಮ್ಮ ಮೆಟ್ಟಲಾ ಏರಾಕ ಆಗಂಗಿಲ್ರಿ. ನೀವು ಸಂಘದಾಗ ಇದ್ದೀರಲ್ಲ, ನಾವು ಚಲೋ ಮಂದಿ ಅಂತ ಅವರಿಗೊಂದು ಮಾತು ಹೇಳ್ರಿ ಅಕ್ಕಾರ."

ವಾರಿಜಾ ಗ್ರೂಪು ತೆರೆದಳು. ಅವಳ ಸಂದೇಶದ ಕೆಳಗೆ ಸದಸ್ಯರೆಲ್ಲ ಒಪ್ಪಿಗೆಯೆಂದು ಒತ್ತಿದ ಹೆಬ್ಬೆರಳಿನ ಚಿಹ್ನೆಗಳು ಹಾಗೇ ಇದ್ದವು. ಅವುಗಳ ಕೆಳಗೆ ಅಧ್ಯಕ್ಷರ ಮೆಚ್ಚುಗೆ: 'ಥ್ಯಾಂಕ್ಯೂ ವಾರಿಜಾಬೆನ್, ನಮ್ಮನ್ನೆಲ್ಲ ಉಳಿಸಿದಿರಿ.'

ವಿರೂಪಾಕ್ಷ ಚಾದರ ಹಿಡಿದುಕೊಂಡೇ ಅವಳ ಮುಖ ನೋಡುತ್ತ ನಿಂತಿದ್ದ.