ಭ್ರಮೆಗೆ ಮಾತ್ರೆ

“ಹೆಂಡ್ತಿ ಚಹಾದಲ್ಲಿ ವಿಷ ಹಾಕ್ತಾಳೆ ಅನ್ನಿಸೋದು ಕುಡಿತದಿಂದ ಬಂದ ಭ್ರಮೆ ಕಣಪ್ಪ,” ಅಂದರು ಡಾಕ್ಟರು. “ಏನಾದ್ರೂ ಹಾಕ್ತೀಯೇನಮ್ಮ?”

“ಸಕ್ಕರೆ ಬಿಟ್ಟರೆ ದೇವರಾಣೆಗೂ ಏನೂ ಇಲ್ಲ ಸಾರ್,” ಅಂದಳು ಹಾಲಮ್ಮ, ಕಣ್ಣೊರೆಸಿಕೊಂಡು.

ಕರಿಬಸಪ್ಪ ನಾಚಿಕೆಯಿಂದ ಕುಗ್ಗಿಹೋದ. ತನ್ನ ತಲೆಯೇ ಕೆಟ್ಟಿದೆ ಎಂದು ಒಪ್ಪಿಕೊಂಡು, ಮಾತ್ರೆ ತಗೊಂಡು ಮನೆಗೆ ಬಂದ. ಹಾಲಮ್ಮ ಚಹಾ ತಂದಳು. ಮೊದಲ ಗುಟುಕಿಗೇ ಮುಖ ಕಿವುಚಿದ.

“ಇವತ್ತೂ ಕಹಿ ಅನ್ನಿಸ್ತಿದೆ ಕಣೇ.”

“ಅದೂ ಭ್ರಮೆನೇ ರೀ. ಹಿಂಗೇ ಅಂತಿದ್ರೆ ಹುಚ್ಚಾಸ್ಪತ್ರೆಗೆ ಸೇರಿಸಿ ಅಂದಿದಾರೆ.”

“ಬೇಡ ಮಾರಾಯ್ತಿ, ಇನ್ನು ಉಸಿರೆತ್ತಲ್ಲ,” ಎಂದವನೇ ಕಣ್ಮುಚ್ಚಿ ಲೋಟ ಖಾಲಿ ಮಾಡಿದ.

ಹಾಲಮ್ಮ ಒಳಗೆ ಹೋಗಿ, ‘ಗಂಡನಿಗೆ ತಿಳಿಯದಂತೆ ಕುಡಿತ ಬಿಡಿಸುವ ಪುಡಿ’ ಎಂದು ಅಚ್ಚಾಗಿದ್ದ ಪೊಟ್ಟಣವನ್ನು ಮಡಚಿ, ಮತ್ತೆ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು.