ಕ್ಯಾನಿನ ಸಾಕ್ಷಿ

"ಬೇಡ ಬೇಡ ಅಂದ್ರೂ ಉಪ್ಪು ಸುರಿದು ನನ್ನ ಬಿಪಿ ಏರಿಸ್ತಾಳೆ," ಎಂದು ಅತ್ತೆ ಹನ್ನೊಂದು ವರ್ಷಗಳಿಂದ ಮನೆಗೆ ಬಂದವರೆದುರೆಲ್ಲ ಹೇಳುತ್ತಿದ್ದಳು. ಅತ್ತೆಯ ಪಾಲಿನ ಸಾರು, ಪಲ್ಯವನ್ನು ಮೊದಲೇ ಬೇರೆ ತೆಗೆದಿಟ್ಟು ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕುತ್ತಿದ್ದ ಸೊಸೆಯ ಮಾತನ್ನು ಗಂಡನೂ ನಂಬಲಿಲ್ಲ.

ಹೊಸ ಡಾಕ್ಟರು ಅತ್ತೆಯ ರಕ್ತ ತೆಗೆಸಿದರು. ಜೊತೆಗೆ ಒಂದು ದೊಡ್ಡ ಕ್ಯಾನು ಕೊಟ್ಟು, "ಇಡೀ ಒಂದು ದಿನದ ಮೂತ್ರ ಇದರಲ್ಲಿ ಹಿಡಿದು ತನ್ನಿ. ಎಷ್ಟು ಉಪ್ಪು ತಿಂತಿದ್ದಾರೆ ಅಂತ ಗೊತ್ತಾಗುತ್ತೆ," ಎಂದರು.

ಅಂದು ಸೊಸೆ ಕ್ಯಾನು ಹಿಡಿದು ಅತ್ತೆಯ ಹಿಂದೆಯೇ ಓಡಾಡಿದಳು. ಒಂದು ಹನಿಯೂ ಚೆಲ್ಲಲು ಬಿಡಲಿಲ್ಲ.

ರಿಪೋರ್ಟು ಬಂದ ದಿನ ಮೂವರೂ ಡಾಕ್ಟರ ಮುಂದೆ ಕೂತರು.

"ಇವರ ಊಟದಲ್ಲಿ ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ಬಿಪಿ ಏರಿಸ್ತಿರೋದು ಒಂದು ಹಾರ್ಮೋನು. ರಕ್ತದಲ್ಲಿ ಅದು ವಿಪರೀತ ಇದೆ. ಅಡುಗೆ ಮಾಡೋರದ್ದು ಏನೂ ತಪ್ಪಿಲ್ಲ."

ಸೊಸೆ ತಲೆಯೆತ್ತಿ ಗಂಡನ ಮುಖ ನೋಡಿದಳು. ಅವನು ತಾಯಿಯ ಕಡೆ ತಿರುಗಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕೇಳಿಸ್ಕೊಂಡ್ಯೇನೋ? ಹನ್ನೊಂದು ವರ್ಷ ನನಗೆ ಉಪ್ಪಿಲ್ಲದ ಕೂಳು ಹಾಕಿದಾಳೆ ಇವಳು!"