ಭಂಡಾರಕ್ಕೆ ಹೆದರಿದವಳು

ಭಂಡಾರ ಹಿಡಿದ ಕೈ ಹಣೆಯ ಹತ್ತಿರ ಬಂದೊಡನೆ ಸುಗಂಧಾ ಚೀರಿ ಗೋಡೆಗೆ ಸರಿದಳು. ತಂದೆ ಕಾಶಿರಾಮನಿಗೆ ಸಂಶಯ ಉಳಿಯಲಿಲ್ಲ. ಮೈಲಾರ ಮಲ್ಲಣ್ಣನ ಅರಿಸಿನಕ್ಕೆ ಹೆದರುವುದು ದೆವ್ವವಲ್ಲದೆ ಮತ್ತೇನು?

ಬಸವಕಲ್ಯಾಣದ ಈ ಗಿರಿಜನ ಹೆಣ್ಣುಮಕ್ಕಳ ವಸತಿ ಶಾಲೆಯಿಂದ ಬೆಳಿಗ್ಗೆ ಫೋನು ಹೋಗಿತ್ತು. ಹುಡುಗಿ ಎರಡು ದಿನಗಳಿಂದ ಯಾರೊಡನೆಯೂ ಮಾತಾಡಿಲ್ಲ, ಪುಸ್ತಕ ತೆರೆದರೆ ಅಳುತ್ತಾಳೆ, ನಿನ್ನೆ ಗೆಳತಿ ರೂಪಾಲಿಯ ಮೇಲೆ ಊಟದ ತಟ್ಟೆ ಎಸೆದಳು, ನಾಲ್ಕು ದಿನ ಮನೆಯಲ್ಲಿಟ್ಟುಕೊಳ್ಳಿ ಎಂದಿದ್ದರು. ಕಾಶಿರಾಮ ಬೇಮಳಖೇಡ ಬಿಟ್ಟು, ಹುಮನಾಬಾದಿನಲ್ಲಿ ಬಸ್ಸು ಬದಲಿಸಿ, ಭಂಡಾರದ ಚೀಲದೊಂದಿಗೇ ಬಂದಿದ್ದ.

“ನಡಿ. ದೆವ್ವ ಬಿಡಸೋ ದೇವರುಷಿ ಹಂತೇಲಿ ಕೂಡಸ್ತೀನಿ. ಮೂರು ಅಮಾಸಿ ಕಳದ್ರ ಬಿಟ್ಟು ಹೋಗ್ತದ.”

“ಹತ್ತನೇತ್ತೆ ಪರೀಕ್ಷಾಕ್ಕ ಇನ್ನ ಹನ್ನೆರಡ ದಿನ ಅದ, ಅಪ್ಪಾ.”

“ಯಾರು ಬರೀತಾರ ಪರೀಕ್ಷಾ? ನೀನೋ, ಅದೋ?”

ತಾಯಿಯಾಗಿದ್ದರೆ ಸುಗಂಧಾ ಕಾರಣ ಹೇಳಬಹುದಿತ್ತು, ತಾಯಿ ತೀರಿ ಮೂರು ವರ್ಷವಾಗಿತ್ತು. ಕಾಶಿರಾಮ ಅವಳ ಟ್ರಂಕನ್ನು ಎತ್ತಿ ಬಾಗಿಲ ಕಡೆ ನಡೆದ.

ಅಡುಗೆಯ ಧೂಳಮ್ಮ ಹಿಟ್ಟಿನ ಕೈಯಲ್ಲೇ ಬಂದು ಅಡ್ಡ ನಿಂತಳು. “ಯಣ್ಣಾ, ದೆವ್ವ ಇಲ್ಲ, ಗಿವ್ವ ಇಲ್ಲ. ನಿನ್ನ ಮಗಳು ದೊಡ್ಡಾಕಿ ಆಗ್ಯಾಳ, ದೀಪಾವಳಿ ಆದಮ್ಯಾಲ, ಇಲ್ಲೇ. ಇವತ್ತ ಹೊರಗಾಗ್ಯಾಳ. ಮೈಲಿಗ್ಯಾಗ ಭಂಡಾರ ಹ್ಯಾಂಗ ಹಚ್ಚಿಕೋಬೇಕು? ಅದು ಭಕ್ತಿ ಅದ, ಅಂಜಿಕಿ ಅಲ್ಲ.”

ಕಾಶಿರಾಮ ಟ್ರಂಕು ಇಳಿಸಿದ. ಆ ದಿನಗಳು ಹತ್ತಿರ ಬಂದಾಗ ಇಲ್ಲಿಯ ಹುಡುಗಿಯರಲ್ಲಿ ಒಬ್ಬಳು ಅಳುತ್ತಾಳೆ, ಒಬ್ಬಳು ಸಿಡುಕುತ್ತಾಳೆ, ಒಬ್ಬಳು ಹೊದ್ದು ಮಲಗುತ್ತಾಳೆ. ಬಿಸಿನೀರು ಕೊಟ್ಟು ಸುಮ್ಮನೆ ಬಿಟ್ಟರೆ ತಾನೇ ಸರಿಹೋಗುತ್ತದೆ ಎಂದು ಧೂಳಮ್ಮ ತಿಳಿಸಿ ಹೇಳಿದಳು.

“ತಿಂಗಳಾ ತಿಂಗಳಾ?”

“ತಿಂಗಳಾ ತಿಂಗಳಾ.”

ಕಾಶಿರಾಮ ಮಗಳ ಕಡೆ ನೋಡಲಿಲ್ಲ. “ಒಳಗ ಹೋಗವ್ವಾ. ಓದಕೋ,” ಎಂದ. ಅವಳು ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತ. ಧೂಳಮ್ಮ ಕೊಟ್ಟ ಚಹಾ ಆರಿತು.

“ಇಕಿ ಅವ್ವನೂ ಹೊರಗ ಕೂಡೋ ಮುಂದ ಹಿಂಗಾ ಮಾಡ್ತಿದ್ಲು,” ಎಂದ. “ದೇವರುಷಿ ಬೇವಿನ ಕಡ್ಡಿ ಬರಲಿಲೆ ಹೊಡೀತಿದ್ದ. ಅಕಿ ಕೈ ನಾನೇ ಹಿಡಕೋತಿದ್ದೆ.”